ಏಳನೆಯ ಸೀಟು

ನಿಮ್ಮ ಮನೆಯಲ್ಲಿ ಎಷ್ಟು ಮಂದಿ ಅಂತ ಯಾರಾದರೂ ಕೇಳಿದರೆ ನಾನು ತಟ್ಟನೆ ಉತ್ತರ ಕೊಡುವುದಿಲ್ಲ. ಪುಣೆಯ ನಮ್ಮ ಸೊಸೈಟಿಯ ರಜಿಸ್ಟರಿನ ಪ್ರಕಾರ ನಾವು ನಾಲ್ವರು. ಸುಗ್ಗಿ ಮುಗಿಸಿ ಅಪ್ಪ ಅವ್ವ ಬಂದರೆಂದರೆ ಆರು. ಮಾವ ತೀರಿಕೊಂಡ ಮೇಲೆ ಹುಬ್ಬಳ್ಳಿಯ ಮನೆಗೆ ಕೀಲಿ ಹಾಕಿ ನಮ್ಮಲ್ಲಿಗೆ ಬಂದ ಸೋದರತ್ತಿಯನ್ನು ಸೇರಿಸಿದರೆ ಏಳು. ಅತ್ತಿ ಬಂದು ಮೂರು ವರ್ಷವಾಯಿತು. ಆದರೂ ಆಕೆಯ ಬಾಯಲ್ಲಿ ಇದು ಇನ್ನೂ "ನಿಮ್ಮ ಮನಿ". ಫ್ರಿಜ್ಜು "ನಿಮ್ಮ ಫ್ರಿಜ್ಜು", ಕಾರು "ನಿಮ್ಮ ಗಾಡಿ".

ಆ ಗಾಡಿಗೆ ಐದು ಸೀಟು. ನಮ್ಮೂರು ನರಗುಂದದ ಕಡೆ. ಪುಣೆ ಬಿಟ್ಟು ಖಂಬಾಟ್ಕಿ ಘಾಟು ಹತ್ತಿ, ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಧಾರವಾಡ ದಾಟಿ, ಹುಬ್ಬಳ್ಳಿಯಲ್ಲಿ ಹೆದ್ದಾರಿ ಬಿಟ್ಟು ನವಲಗುಂದದ ದಾರಿ ಹಿಡಿಯಬೇಕು. ಹತ್ತಿರ ಹತ್ತಿರ ಐನೂರು ಕಿಲೋಮೀಟರು. ಏಳು ಮಂದಿ ಹೊರಟಾಗ ಇಬ್ಬರು ಬಸ್ಸಿಗೆ ಹೋಗಲೇಬೇಕು. ಆ ಇಬ್ಬರಲ್ಲಿ ಅತ್ತಿ ಯಾವಾಗಲೂ ಒಬ್ಬಳು. "ನನಗ ಬಸ್ಸ ಛಲೋ ತಮ್ಮಾ, ಕಾರಿನಾಗ ಹೊಟ್ಟಿ ತೊಳಸ್ತದ" ಅನ್ನುತ್ತಾಳೆ. ಒಂದು ದಿನ ಹತ್ತು ವರ್ಷದ ನನ್ನ ಮಗಳು ಊಟಕ್ಕೆ ಕೂತಾಗ ಹೇಳಿದಳು: "ಅಜ್ಜಿಗೆ ಕಾರಲ್ಲಿ ಹೊಟ್ಟೆ ತೊಳಸೋದು ಜಾಗ ಇಲ್ಲದಾಗ ಮಾತ್ರ. ಜಾಗ ಇದ್ದಾಗ ಆರಾಮ ನಿದ್ದಿ ಮಾಡ್ತಾರ." ಯಾರೂ ಮಾತಾಡಲಿಲ್ಲ. ಅತ್ತಿ ಎದ್ದು ಮಜ್ಜಿಗೆ ತರಲು ಒಳಗೆ ಹೋದಳು.

2024ರ ಸೆಪ್ಟೆಂಬರಿನಿಂದ ಪುಣೆ–ಹುಬ್ಬಳ್ಳಿಗೆ ವಂದೇ ಭಾರತ್ ರೈಲು ಬಂದಿದೆ, ನಿಜ. ಆದರೆ ಹುಬ್ಬಳ್ಳಿಯಿಂದ ಮುಂದೆ? ಏಳು ಮಂದಿ, ಅವರ ಗಂಟುಮೂಟೆ, ಬರುವಾಗ ಜೋಳದ ಚೀಲ. ಏಳು ಸೀಟಿನ ಗಾಡಿಯೇ ಬೇಕು ಅಂತ ತೀರ್ಮಾನವಾಯಿತು. ಅಷ್ಟರಲ್ಲಿ 2025ರ ಸೆಪ್ಟೆಂಬರ್ 22ರಂದು, ಸರಿಯಾಗಿ ಘಟಸ್ಥಾಪನೆಯ ದಿನವೇ, ಜಿಎಸ್‌ಟಿ ದರ ಬದಲಾಯಿತು. ದೊಡ್ಡ ಎಸ್‌ಯುವಿಗಳ ಮೇಲೆ ಸೆಸ್ ಸೇರಿ ಶೇಕಡಾ 50 ಇದ್ದ ತೆರಿಗೆ 40ಕ್ಕೆ ಇಳಿಯಿತು. "ದೇವಿನೇ ಹೇಳ್ಯಾಳ, ತಗೋ" ಅಂದಳು ಅವ್ವ.

ತಗೊಳ್ಳೋದು ಯಾವುದನ್ನ? ಪುಣೆಯೆಂದರೆ ಗಾಡಿ ಹುಟ್ಟುವ ಊರು. ಸಫಾರಿ ಪಿಂಪ್ರಿಯದು, ಎಕ್ಸ್‌ಯುವಿ 700 ಚಾಕಣದ್ದು, ಜೀಪ್ ಮೆರಿಡಿಯನ್ ರಾಂಜಣಗಾಂವದ್ದು. ನನ್ನ ಮಗನ ಪಟ್ಟಿಯಲ್ಲಿ ಮೊದಲ ಹೆಸರು ಚಾಕಣದಲ್ಲೇ ಜೋಡಣೆಯಾಗುವ ಮರ್ಸಿಡಿಸ್ ಜಿಎಲ್‌ಎಸ್. ಎರಡನೆಯದು ವೋಲ್ವೋ ಎಕ್ಸ್‌ಸಿ 90. ಅದರ ಜೋಡಣೆ ನಮ್ಮ ಹೊಸಕೋಟೆಯಲ್ಲಿ ಎಂದು ಗೊತ್ತಾದ ಮೇಲೆ ಅಪ್ಪನೂ ಮೊಮ್ಮಗನ ಪಕ್ಷ ಸೇರಿದರು. ಎರಡೂ ರಸ್ತೆಗೆ ಇಳಿಯುವ ಹೊತ್ತಿಗೆ ಕೋಟಿ ದಾಟುತ್ತವೆ. "ಗಾಡಿ ಬರ್ತದ, ಆದರ ನಿಲ್ಲಸಲಿಕ್ಕೆ ಮನಿ ಇರೂದಿಲ್ಲ" ಅಂದಳು ನನ್ನ ಹೆಂಡತಿ. ಪಟ್ಟಿಯ ಮೇಲಿನೆರಡು ಸಾಲು ಹೋದವು.

ಉಳಿದವನ್ನು ನೋಡಲು ಶನಿವಾರ ಭಾನುವಾರ ಶೋರೂಮು ಸುತ್ತಿದೆವು. ಎಲ್ಲಾ ಕಡೆ ಮಾರುವ ಹುಡುಗರು ಮುಂದಿನ ಬಾಗಿಲು ತೆರೆದು ನನ್ನನ್ನು ಸ್ಟಿಯರಿಂಗ್ ಹಿಂದೆ ಕೂರಿಸುತ್ತಾರೆ. ದೊಡ್ಡ ಪರದೆ, ಗಾಜಿನ ಚಾವಣಿ, ತಣ್ಣಗಾಗುವ ಸೀಟು, ಇಪ್ಪತ್ತು ನಿಮಿಷ ಎಲ್ಲಾ ಮುಂದಿನ ಸಾಲಿನ ವರ್ಣನೆ. ನನ್ನ ಹೆಂಡತಿ ಮಾತ್ರ ಮೊದಲ ದಿನವೇ ಬೇರೆ ಕ್ರಮ ಹಾಕಿದಳು. "ಮೊದಲ ಅತ್ತಿಯವರನ್ನ ಹಿಂದ ಕೂಡಸ್ರಿ. ಆಮ್ಯಾಲೆ ನೀವು ಮುಂದ ಕೂಡ್ರಿ." ಒಂದು ಶೋರೂಮಿನ ಹುಡುಗ ಮರಾಠಿಯಲ್ಲಿ ನಕ್ಕು ಹೇಳಿದ, "ತೀ ಸೀಟ್ ಲಹಾನ್ ಮುಲಾಂಸಾಠೀ ಆಹೆ ಮ್ಯಾಡಮ್." ಅದು ಸಣ್ಣ ಮಕ್ಕಳ ಸೀಟು ಅಂತ. ಹಾಗಿದ್ದರೆ ಏಳು ಸೀಟಿನ ದುಡ್ಡು ಯಾಕೆ ತಗೊಳ್ತೀರಿ ಅಂತ ಕೇಳಿದಳು ಆಕೆ.

ಅತ್ತಿ ಕೂತು ಎದ್ದದ್ದರಿಂದ ನಾವು ಕಲಿತದ್ದು ಯಾವ ಜಾಹೀರಾತಿನಲ್ಲೂ ಇರಲಿಲ್ಲ. ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಮೈ ಕೂರಿಸಿದ ಗಾಡಿಗಳು ಗಟ್ಟಿ, ಕೆಟ್ಟ ರಸ್ತೆಗೆ ಅಂಜುವುದಿಲ್ಲ. ಆದರೆ ಚೌಕಟ್ಟು ಕೆಳಗಿರುವುದರಿಂದ ಒಳಗಿನ ನೆಲ ಎತ್ತರ. ಹತ್ತುವುದೇ ಒಂದು ಕೆಲಸ. ಅಂಥ ಒಂದು ಗಾಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಹಿಡಿಕೆ ಹಿಡಿದು, ಇನ್ನೊಂದು ಕಾಲು ಎತ್ತಲಾಗದೆ ಅವ್ವ ಹಾಗೇ ನಿಂತುಬಿಟ್ಟಳು. ಇನ್ನು ನೆಲ ಎತ್ತರವಾಗಿ ಸೀಟು ಗಿಡ್ಡವಾದರೆ ಹಿಂದೆ ಕೂತವರ ಮೊಣಕಾಲು ಎದೆಗೆ ಬರುತ್ತವೆ. ಹಿಂದಿನ ಸಾಲು ಹಿಂದಿನ ಗಾಲಿಗಳ ಹತ್ತಿರವೇ ಇರುವುದರಿಂದ ಪ್ರತಿ ಕುಣಿಯೂ ಮೊದಲು ಅವರ ಸೊಂಟಕ್ಕೇ ತಿಳಿಯುತ್ತದೆ. ನಡುವಿನ ಸಾಲು ಮುಂದೆ ಜಾರುತ್ತದೋ, ಹಿಂದಿನವರಿಗೆ ಎಸಿ ಗಾಳಿ ಬರುತ್ತದೋ, ಅಲ್ಲಿ ತಲೆಗೆ ಆಸರೆ ಮತ್ತು ಮೂರು ಬಿಂದುವಿನ ಬೆಲ್ಟು ಇದೆಯೋ, ಪಕ್ಕದ ಏರ್‌ಬ್ಯಾಗಿನ ಪರದೆ ಮೂರನೆಯ ಸಾಲಿನ ತನಕ ಮುಟ್ಟುತ್ತದೋ, ಏಳೂ ಮಂದಿ ಕೂತಾಗ ಡಿಕ್ಕಿಯಲ್ಲಿ ಎರಡು ಬ್ಯಾಗಾದರೂ ಹಿಡಿಸುತ್ತವೋ, ಇವನ್ನೆಲ್ಲ ಕೇಳದೆ ಯಾರೂ ತಾವಾಗಿ ಹೇಳುವುದಿಲ್ಲ.

ಆದರೆ ಅತ್ತಿಯ ಪರೀಕ್ಷೆಯಲ್ಲಿ ಒಂದು ತೊಂದರೆ ಇತ್ತು. ಎಲ್ಲಿ ಕೂರಿಸಿದರೂ ಆಕೆ "ಭಾಳ ಛಲೋ ಅದ" ಅನ್ನುತ್ತಿದ್ದಳು. ಮೊಣಕಾಲು ಗದ್ದಕ್ಕೆ ತಾಗಿದರೂ ಛಲೋ, ತಲೆ ಚಾವಣಿಗೆ ಬಡಿದರೂ ಛಲೋ. ಅದಕ್ಕೆ ಮಗಳು ಒಂದು ಉಪಾಯ ಹುಡುಕಿದಳು. ಅಜ್ಜಿಯ ಪಕ್ಕ ಕೂತು, ಅಜ್ಜಿಯ ಬಾಯಿ ನೋಡದೆ ಕೈ ನೋಡುವುದು. ಆರಾಮ ಇದ್ದಲ್ಲಿ ಅತ್ತಿಯ ಕೈ ತೊಡೆಯ ಮೇಲಿರುತ್ತಿತ್ತು. ಇಲ್ಲದಲ್ಲಿ ಮುಂದಿನ ಸೀಟಿನ ಬೆನ್ನು ಹಿಡಿದಿರುತ್ತಿತ್ತು.

ಕೈ ತೊಡೆಯ ಮೇಲೆ ಉಳಿದದ್ದು ಇನ್ನೋವಾ ಹೈಕ್ರಾಸ್‌ನಲ್ಲಿ. ಹಳೆಯ ಇನ್ನೋವಾದ ಹಾಗೆ ಇದಕ್ಕೆ ಏಣಿ ಚೌಕಟ್ಟಿಲ್ಲ, ಮೈಯೇ ಚೌಕಟ್ಟು. ಎಂಜಿನ್ನಿನ ಬಲ ಮುಂದಿನ ಗಾಲಿಗಳಿಗೆ ಹೋಗುವುದರಿಂದ ಹಿಂದಿನ ತನಕ ಉದ್ದದ ಶಾಫ್ಟು ಓಡುವುದಿಲ್ಲ. ಅದಕ್ಕೇ ನೆಲ ತಗ್ಗು, ಒಳಗೆ ಜಾಗ ಹೆಚ್ಚು. ನಾವು ನೋಡಿದ್ದರಲ್ಲಿ ನಡುವೆ ಎರಡು ಬಿಡಿ ಸೀಟು, ಹಿಂದೆ ಮೂರು. ಮಗ ಮುಖ ಊದಿಸಿಕೊಂಡ. "ಅಪ್ಪಾ, ಇದು ಎಸ್‌ಯುವಿ ಅಲ್ಲ, ಟ್ಯಾಕ್ಸಿ! ಏರ್‌ಪೋರ್ಟ್ ಮುಂದ ಬರೇ ಇವ ನಿಂತಿರ್ತಾವ." ಅವನ ಮಾತಿನಲ್ಲಿ ಸುಳ್ಳೇನಿಲ್ಲ. ನಾನೂ ಒಂದು ರಾತ್ರಿ ಅದನ್ನೇ ಯೋಚಿಸಿದೆ. ಊರಿಗೆ ಹೋದಾಗ ಎತ್ತರದ ಗಾಡಿಯಿಂದ ಇಳಿಯುವ ಆಸೆ ಊರು ಬಿಟ್ಟವನಿಗೆ ಇದ್ದೇ ಇರುತ್ತದೆ. ಇಷ್ಟು ವರ್ಷ ಪುಣೆಯಲ್ಲಿ ಏನು ಮಾಡಿದಿ ಅಂತ ಊರವರು ಬಾಯಿಬಿಟ್ಟು ಕೇಳುವುದಿಲ್ಲ, ಗಾಡಿಯನ್ನು ಒಂದು ಸುತ್ತು ಹಾಕಿ ನೋಡುತ್ತಾರೆ.

ಮೊಮ್ಮಗನನ್ನು ಒಪ್ಪಿಸಿದ್ದು ಅಪ್ಪ. ಗಾಡಿ ಬಿಡದಿಯದು. ಕಂಪನಿಯ ಹೆಸರಿನಲ್ಲಿರುವ ಕಿರ್ಲೋಸ್ಕರರ ಮನೆತನಕ್ಕೆ ದಾರಿ ಹಾಕಿದ ಲಕ್ಷ್ಮಣರಾಯರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, 1910ರಲ್ಲಿ ಈಚೆ ಬಂದು ಕಿರ್ಲೋಸ್ಕರವಾಡಿ ಕಟ್ಟಿದರು. "ಅವರೂ ನಮ್ಮಂಗ ಊರು ಬಿಟ್ಟ ಬಂದವರ, ತಮ್ಮಾ. ಟ್ಯಾಕ್ಸಿ ಅಂದರ ಏನ ಕಡಿಮಿ? ಮಂದಿನ್ನ ಹೊತ್ತ ಒಯ್ಯೂದು ಗಾಡಿ ಕೆಲಸ." ಮಗ ಪೂರ್ತಿ ಒಪ್ಪಲಿಲ್ಲ. ಬಣ್ಣ ಆರಿಸುವ ಹಕ್ಕು ಕೊಟ್ಟ ಮೇಲೆ ಸುಮ್ಮನಾದ.

ದಸರೆಗೆ ಬುಕ್ ಮಾಡಿದ ಗಾಡಿ ಸಂಕ್ರಾಂತಿಗೆ ಮೊದಲು ಬಂತು. ಎಂಎಚ್ 14, ಪಿಂಪ್ರಿ-ಚಿಂಚವಡದ ನಂಬರು. ಹೊರಡುವ ಹಿಂದಿನ ರಾತ್ರಿ ಮಕ್ಕಳು ಒಂದು ಕಾನೂನು ಮಾಡಿದರು. ಕರಾಡ, ಕೊಲ್ಹಾಪುರ, ಬೆಳಗಾವಿ, ಈ ಮೂರು ಕಡೆ ಚಹಾಕ್ಕೆ ನಿಂತಾಗ ಎಲ್ಲರೂ ಸೀಟು ಬದಲಿಸಬೇಕು. ಸ್ಟಿಯರಿಂಗ್ ಹಿಡಿದವರಿಗಷ್ಟೇ ವಿನಾಯಿತಿ. ಅದನ್ನು ನಾನು, ಹೆಂಡತಿ ಸರದಿಯಲ್ಲಿ ಹಿಡಿಯುವುದರಿಂದ ನಾನೂ ಹಿಂದೆ ಕೂರಬೇಕು. ಅತ್ತಿ ಹಿಂದೆಯೇ ಇರುತ್ತೇನೆಂದು ಹಟ ಮಾಡಿದಳು. ಕರಾಡದಲ್ಲಿ ಮಗಳು ಆಕೆಯ ಸಜ್ಜಿ ರೊಟ್ಟಿಯ ಗಂಟನ್ನು ಎತ್ತಿ ಮುಂದಿನ ಸೀಟಿನಲ್ಲಿಟ್ಟಳು. ರೊಟ್ಟಿ ಹೋದಲ್ಲಿ ಅತ್ತಿ ಹೋಗಲೇಬೇಕಾಯಿತು. ಕೊಲ್ಹಾಪುರದ ತನಕ ಮುಂದೆ ಕೂತು, ಸಾಗುವ ಕಬ್ಬಿನ ಟ್ರ್ಯಾಕ್ಟರುಗಳನ್ನೆಲ್ಲ ಎಣಿಸಿದಳು. ನಾನು ಮೂರನೆಯ ಸಾಲಿನಲ್ಲಿದ್ದೆ. ಕೊಲ್ಹಾಪುರದಲ್ಲಿ ಇಳಿಯುವಾಗ ಸೊಂಟ ಸ್ವಲ್ಪ ಹಿಡಿದಿತ್ತು, ಸುಳ್ಳು ಯಾಕೆ ಹೇಳಲಿ.

ಊರು ಮುಟ್ಟಿದಾಗ ಸಂಜೆ. ಅಗಸಿ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ನಂಬರು ನೋಡಿ ಗುರುತು ಹತ್ತದೆ ಎದ್ದು ಬಂದರು. "ಮಹಾರಾಷ್ಟ್ರದ ಗಾಡಿ, ಯಾರದಪಾ ಇದು?"

ನಾನು ಕಿಟಕಿಯ ಗಾಜು ಇಳಿಸುವಷ್ಟರಲ್ಲಿ ಹಿಂದಿನಿಂದ ಅತ್ತಿಯ ದನಿ ಬಂತು.

"ನಮ್ಮದ ರೀ ಯಣ್ಣಾ. ಏಳೂ ಮಂದಿ ಕೂಡೇ ಬಂದೀವಿ."