ಟ್ರಂಕಿನ ತಳದಲ್ಲಿದ್ದ ಬಾಂಡ್

ನಿಮ್ಮ ಮನೆಯಲ್ಲೂ ಒಂದು ಟ್ರಂಕ್ ಇರಬಹುದು. ಮೇಲೆ ಮದುವೆಯ ಸೀರೆ, ಮಕ್ಕಳ ಹಳೆಯ ಅಂಗಿಗಳು. ಅವುಗಳ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಾಗದ ಪತ್ರಗಳು. ಆ ಕಾಗದಗಳನ್ನು ನಾವು ಬಹಳ ಜೋಪಾನವಾಗಿ ಇಡುತ್ತೇವೆ. ಆದರೆ ಓದುವುದಿಲ್ಲ. ಅಂಥ ಒಂದು ಕಾಗದದ ಬಗ್ಗೆ ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

2025ರ ಈದ್ ಕಳೆದು ಎರಡು ವಾರವಾಗಿತ್ತು. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಎರಡು ಮನೆ ಆಚೆಗಿರುವ ಒಬ್ಬ ತಾಯಿ ಮಗ್ರಿಬ್ ನಮಾಝಿನ ಬಳಿಕ ನಮ್ಮ ಮನೆಗೆ ಬಂದಳು. ಗಂಡ ಹೆಂಡತಿ ಇಬ್ಬರೂ ಫಿಲೇಚರಿನಲ್ಲಿ ರೇಷ್ಮೆ ನೂಲು ಬಿಚ್ಚುವವರು. ದಿನವಿಡೀ ಬಿಸಿನೀರಿನ ಗೂಡಿನಲ್ಲಿ ಕೈಯಾಡಿಸಿ ಆಕೆಯ ಬೆರಳುಗಳು ಬಿಳಿಚಿಕೊಂಡಿರುತ್ತವೆ. ಆಕೆಯ ಹಿರಿಯ ಮಗಳು ಸಂಜೆ ನನ್ನ ಬಳಿ ಕುರ್‌ಆನ್ ಕಲಿತ ಹುಡುಗಿ. ಆಗಷ್ಟೇ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದಿದ್ದಳು.

"ಆಪಾ, ಚಿಂತಾಮಣಿಯಿಂದ ಸಂಬಂಧ ಬಂದಿದೆ. ಹುಡುಗನಿಗೆ ಟೊಮೆಟೊ ಮಂಡಿಯಲ್ಲಿ ಕೆಲಸ. ಏನೂ ಕೇಳುತ್ತಿಲ್ಲ. ಇವಳು ಮಾತ್ರ ಅಳುತ್ತಾ ಕೂತಿದ್ದಾಳೆ. ನೀವೊಂದು ಮಾತು ಹೇಳಿದರೆ ಕೇಳುತ್ತಾಳೆ" ಎಂದಳು.

"ಹುಡುಗಿಗೆ ಈಗ ಎಷ್ಟು ವರ್ಷ?" ಎಂದು ಕೇಳಿದೆ. "ಹದಿನೆಂಟು ಇರಬೇಕು" ಎಂದಳು. ಜನನ ಪತ್ರ ತರಲು ಹೇಳಿದೆ. ಯಾವುದು ಜನನ ಪತ್ರವೆಂದು ಗೊತ್ತಿಲ್ಲದ್ದರಿಂದ ಚೀಲವನ್ನೇ ತಂದು ನನ್ನ ಮುಂದೆ ಸುರಿದಳು. ಹುಡುಗಿ ಹುಟ್ಟಿದ್ದು 2008ರ ಸೆಪ್ಟೆಂಬರಿನಲ್ಲಿ. ಹದಿನೇಳು ಕೂಡ ತುಂಬಿರಲಿಲ್ಲ. ಅದೇ ಚೀಲದಲ್ಲಿ ನಾಲ್ಕಾಗಿ ಮಡಚಿದ ಇನ್ನೊಂದು ಕಾಗದ ಸಿಕ್ಕಿತು. ಅದು ಭಾಗ್ಯಲಕ್ಷ್ಮಿ ಬಾಂಡ್.

"ಇದೇನೆಂದು ಗೊತ್ತೇ?" ಎಂದೆ.

"ಅಂಗನವಾಡಿಯವರು ಕೊಟ್ಟದ್ದು ಆಪಾ. ಜೋಪಾನವಾಗಿಡು ಎಂದಿದ್ದರು. ಇಟ್ಟಿದ್ದೇನೆ."

ಸಹೋದರಿಯರೇ, ಆ ಬಾಂಡಿನ ವಿಷಯ ನಿಮಗೂ ತಿಳಿದಿರಲಿ. ಈ ಯೋಜನೆಯನ್ನು ನಮ್ಮ ರಾಜ್ಯ ಸರಕಾರ 2006-07ರಲ್ಲಿ ಆರಂಭಿಸಿತು. ಆಗ ನಾವಿನ್ನೂ ಕೋಲಾರ ಜಿಲ್ಲೆಯವರು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಬಡತನ ರೇಖೆಗಿಂತ ಕೆಳಗಿನ ಕುಟುಂಬದಲ್ಲಿ 2006ರ ಮಾರ್ಚ್ 31ರ ನಂತರ ಹುಟ್ಟಿದ ಹೆಣ್ಣುಮಗುವಿನ ಹೆಸರಿನಲ್ಲಿ ಸರಕಾರವೇ ಜೀವ ವಿಮಾ ನಿಗಮದಲ್ಲಿ ಹಣ ಇಡುತ್ತಿತ್ತು. ತಂದೆ ತಾಯಿ ಒಂದು ಪೈಸೆಯನ್ನೂ ಕಟ್ಟಬೇಕಿರಲಿಲ್ಲ. ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳಿಗೆ ಈ ಸೌಲಭ್ಯ. ಮೊದಲು ಒಂದು ಮಗುವಿಗೆ ಹತ್ತು ಸಾವಿರ ರೂಪಾಯಿ ಇಡುತ್ತಿದ್ದರು. 2008ರ ಆಗಸ್ಟ್ 1ರಿಂದ ಅದನ್ನು ಮೊದಲ ಮಗುವಿಗೆ 19,300 ರೂಪಾಯಿಗೆ, ಎರಡನೆಯ ಮಗುವಿಗೆ 18,350 ರೂಪಾಯಿಗೆ ಏರಿಸಿದರು. ಹಾಗೆ ಇಟ್ಟ ಹಣ ಹುಡುಗಿಗೆ ಹದಿನೆಂಟು ತುಂಬುವಾಗ ಒಂದು ಲಕ್ಷ ರೂಪಾಯಿ ದಾಟುತ್ತದೆ.

ಆದರೆ ಷರತ್ತುಗಳಿವೆ. ಮಗುವಿಗೆ ಚುಚ್ಚುಮದ್ದು ಹಾಕಿಸಿರಬೇಕು. ಕನಿಷ್ಠ ಎಂಟನೇ ತರಗತಿಯವರೆಗೆ ಓದಿಸಬೇಕು. ದುಡಿಮೆಗೆ ಹಚ್ಚಬಾರದು. ಹದಿನೆಂಟು ತುಂಬುವ ಮೊದಲು ಮದುವೆ ಮಾಡಬಾರದು. ಮಾಡಿದರೆ ಹಣ ಇಲ್ಲ.

ನಾನು ಇದನ್ನು ಉರ್ದುವಿನಲ್ಲಿ ಓದಿ ಹೇಳಿದಾಗ ಆ ತಾಯಿ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ, "ಹದಿನಾರು ವರ್ಷ ಟ್ರಂಕಿನಲ್ಲಿಟ್ಟು, ಹಣ ಬರುವ ಹೊತ್ತಿಗೆ ನಾನೇ ಹರಿದು ಹಾಕುತ್ತಿದ್ದೆನಲ್ಲ ಆಪಾ" ಎಂದಳು.

ನಾನು ಮೊದಲು ಹಣದ ಮಾತು ಆಡಲಿಲ್ಲ ಎಂಬುದನ್ನೂ ಹೇಳಬೇಕು. ಹದಿನೆಂಟರ ಮೊದಲು ಮದುವೆ ಮಾಡುವುದು ಕಾನೂನಿನಂತೆ ಅಪರಾಧ. ಎಳೆಯ ಹುಡುಗಿಯ ಬಸಿರು ಬಾಣಂತನ ಅಪಾಯಕಾರಿ. ಎಲ್ಲಕ್ಕಿಂತ ಮಿಗಿಲಾಗಿ ನಿಕಾಹ್‌ಗೆ ಹುಡುಗಿಯ ಒಪ್ಪಿಗೆ ಬೇಕು. ಅಳುತ್ತಾ ಕುಳಿತವಳ ಮೌನವನ್ನು ಒಪ್ಪಿಗೆಯೆಂದು ಹೇಗೆ ತಿಳಿಯುವುದು? ಇವನ್ನೆಲ್ಲ ಹೇಳಿದೆ. ಆಕೆ ತಲೆಯಾಡಿಸಿದಳು. ಆದರೆ ಗಂಡನ ಮುಂದೆ ಇಡಲು ಆಕೆಗೆ ಒಂದು ಗಟ್ಟಿ ಮಾತು ಬೇಕಿತ್ತು. ಅದನ್ನು ಆ ಕಾಗದ ಕೊಟ್ಟಿತು.

ಇನ್ನು ನನ್ನ ಕಥೆಯನ್ನು ಕೇಳಿ. ಮದ್ರಸದಲ್ಲಿ ಓದಿದೆ, ಆಮೇಲೆ ಬಿ.ಎ. ಮಾಡಿದೆ. ಬೀದಿಯ ಹೆಂಗಸರ ಅರ್ಜಿಗಳನ್ನು ಬರೆದುಕೊಡುವವಳು ನಾನೇ. ನನ್ನ ಮಗಳೂ 2008ರಲ್ಲೇ ಹುಟ್ಟಿದಳು, ಡಿಸೆಂಬರಿನಲ್ಲಿ. ಆಗ ನನ್ನ ಸಂಬಳ ಅಲ್ಪ, ಯಜಮಾನರದು ಚಿಕ್ಕ ಅಂಗಡಿ. ನಾವೂ ಅರ್ಹರೇ ಆಗಿದ್ದೆವು. ಅಂಗನವಾಡಿ ಕಾರ್ಯಕರ್ತೆ ಎರಡು ಸಲ ಮನೆಗೆ ಬಂದು, "ಟೀಚರೇ, ರೇಷನ್ ಕಾರ್ಡ್ ನಕಲು ಕೊಡಿ" ಎಂದರು. ಕಾರ್ಡ್ ಅತ್ತೆಯವರ ಹೆಸರಿನಲ್ಲಿತ್ತು. ನಮ್ಮ ಹೆಸರು ಬೇರೆ ಮಾಡಿಸಬೇಕಿತ್ತು. "ನಾಳೆ ನೋಡೋಣ" ಎಂದೆ. ಮನಸ್ಸಿನ ಮೂಲೆಯಲ್ಲಿ, ಓದಿದ ನಾನು ಆ ಸಾಲಿನಲ್ಲಿ ನಿಲ್ಲುವುದೇ ಎಂಬ ಸಂಕೋಚವೂ ಇತ್ತು. ಮಗು ಹುಟ್ಟಿದ ಒಂದು ವರ್ಷದೊಳಗೆ ನೋಂದಾಯಿಸಬೇಕಿತ್ತು. ವರ್ಷ ಕಳೆದುಹೋಯಿತು. ಹೆಬ್ಬೆಟ್ಟು ಒತ್ತುವ ನೆರೆಯಾಕೆ ಮೊದಲ ಸಲ ಕೇಳಿದಾಗಲೇ ಕಾಗದ ಕೊಟ್ಟಿದ್ದಳು. ಅವಳ ಮಗಳಿಗೆ ಬಾಂಡ್ ಇದೆ, ನನ್ನ ಮಗಳಿಗಿಲ್ಲ. ಆ ದಿನ ಆಕೆಯ ಬಾಂಡನ್ನು ಕೈಯಲ್ಲಿ ಹಿಡಿದಾಗ ನನಗೆ ನಾಚಿಕೆಯಾಯಿತು.

ಸರಕಾರದಿಂದ ಮಕ್ಕಳಿಗಾಗಿ ಹಣ ಪಡೆಯುವುದನ್ನು ಕೆಲವರು ಭಿಕ್ಷೆಯಂತೆ ಕಾಣುತ್ತಾರೆ. ಹ. ಉಮರ್(ರ)ರ ಆಡಳಿತದ ಘಟನೆಯೊಂದನ್ನು ನೆನಪಿಸಿಕೊಳ್ಳಿ. ಅವರು ಬೈತುಲ್‌ಮಾಲ್‌ನಿಂದ ಮಕ್ಕಳಿಗೆ ಭತ್ಯೆ ನಿಗದಿಪಡಿಸಿದ್ದರು, ಆದರೆ ಮೊಲೆಹಾಲು ಬಿಟ್ಟ ಮಕ್ಕಳಿಗೆ ಮಾತ್ರ. ಒಂದು ರಾತ್ರಿ ಮದೀನಾದ ಹೊರಗೆ ತಂಗಿದ್ದ ವರ್ತಕರ ಬಿಡಾರವನ್ನು ಕಾಯುತ್ತಿದ್ದಾಗ ಮಗುವೊಂದು ಅಳುವುದನ್ನು ಕೇಳಿದರು. ಮತ್ತೆ ಮತ್ತೆ ಅತ್ತಿತು. ಕಾರಣ ಕೇಳಿದರೆ, ಅವರು ಯಾರೆಂದು ತಿಳಿಯದ ತಾಯಿ, ಭತ್ಯೆ ಬೇಗ ಸಿಗಲೆಂದು ಹಾಲು ಬಿಡಿಸುತ್ತಿದ್ದೇನೆ ಎಂದಳು. ಫಜ್ರ್ ನಮಾಝಿನಲ್ಲಿ ಅವರು ಎಷ್ಟು ಅತ್ತರೆಂದರೆ ಹಿಂದೆ ನಿಂತವರಿಗೆ ಅವರ ಪಾರಾಯಣ ಸ್ಪಷ್ಟವಾಗಿ ಕೇಳಿಸಲಿಲ್ಲ. ಬಳಿಕ, ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ ಎಂದು ಸಾರಿದರು. ಮಗುವಿನ ಪಾಲು ಎಂಬುದು ಹಕ್ಕು. ಅದಕ್ಕೆ ಹಾಕುವ ಷರತ್ತು ತಾಯಿಯ ನಡೆಯನ್ನೇ ಬದಲಾಯಿಸುತ್ತದೆ ಎಂಬುದನ್ನೂ ಈ ಘಟನೆ ಕಲಿಸುತ್ತದೆ. ಕೆಟ್ಟ ಷರತ್ತು ಮಗುವನ್ನು ಅಳಿಸಿತು. ಒಳ್ಳೆಯ ಷರತ್ತು ಹುಡುಗಿಯನ್ನು ಶಾಲೆಯಲ್ಲಿ ಉಳಿಸಬಲ್ಲದು.

ಬ್ರಿಟನ್ನಿನಲ್ಲಿ ಕುಟುಂಬ ಭತ್ಯೆಯ ಕಾನೂನು ಬಂದದ್ದು 1945ರಲ್ಲಿ. ಹಣ ತಂದೆಯ ಕೈಗೆ ಹೋಗಬೇಕೆಂದು ಮೊದಲು ಕರಡಿನಲ್ಲಿತ್ತು. ಎಲಿನಾರ್ ರಾತ್‌ಬೋನ್ ಎಂಬ ಸಂಸದೆ ಹೋರಾಡಿ ತಾಯಿಯ ಕೈಗೇ ಸೇರುವಂತೆ ಮಾಡಿದರು. ಇಂದು ನಮ್ಮಲ್ಲೂ ತಾಯಿಯ ಖಾತೆಯನ್ನೇ ಕೇಳುತ್ತಾರೆ. ಹಾಗಾಗಿ ಖಾತೆಯ ಪುಸ್ತಕ ನಿಮ್ಮ ಕೈಯಲ್ಲಿರಲಿ.

ಈಗ ಏನೇನಿದೆ ಎಂದು ಕೇಳುವಿರಿ. ಭಾಗ್ಯಲಕ್ಷ್ಮಿಯ ಬಾಂಡ್ ಪದ್ಧತಿ 2020-21ರಿಂದ ಬದಲಾಯಿತು. ಆಮೇಲೆ ನೋಂದಾಯಿಸಿದ ಮಕ್ಕಳಿಗೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆದು, ವರ್ಷಕ್ಕೆ 3,000 ರೂಪಾಯಿಯಂತೆ ಹದಿನೈದು ವರ್ಷ ಸರಕಾರವೇ ಕಟ್ಟುವ ವ್ಯವಸ್ಥೆ ಬಂತು. ಅದು ಪಕ್ವವಾಗುವುದು ಇಪ್ಪತ್ತೊಂದು ವರ್ಷಕ್ಕೆ. ಹಳೆಯ ಬಾಂಡ್ ಇದ್ದವರಿಗೆ ಹದಿನೆಂಟಕ್ಕೆ. ಮೊದಲ ತಂಡದ ಹುಡುಗಿಯರಿಗೆ 2024ರಲ್ಲಿ ಹದಿನೆಂಟು ತುಂಬಿತು. ಕೇಂದ್ರದ ಮಾತೃ ವಂದನಾ ಯೋಜನೆ 2017ರಲ್ಲಿ ಬಂತು. ಅದರಲ್ಲಿ ಮೊದಲ ಮಗುವಿಗೆ 5,000 ರೂಪಾಯಿ. 2022ರಿಂದ ಎರಡನೆಯದು ಹೆಣ್ಣಾದರೆ 6,000 ರೂಪಾಯಿ. ಶಾಲಾ ಮಕ್ಕಳ ವಿಷಯಕ್ಕೆ ಬಂದರೆ, ಅಲ್ಪಸಂಖ್ಯಾತರಿಗೆ ಕೇಂದ್ರ ಸರಕಾರ 2008ರಲ್ಲಿ ಆರಂಭಿಸಿದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 1ರಿಂದ 8ನೇ ತರಗತಿಯವರಿಗೆ 2022ರಲ್ಲಿ ನಿಂತಿತು. 2023ರಲ್ಲಿ ಬಂದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ಹೆಸರಿನದು, ಮಕ್ಕಳ ಯೋಜನೆಯಲ್ಲ. ಒಂದನ್ನು ಪಡೆದರೆ ಇನ್ನೊಂದು ಸಿಗದು ಎಂಬ ಬೀದಿಯ ಮಾತನ್ನು ನಂಬಬೇಡಿ. ಅಂಗನವಾಡಿಯಲ್ಲಿ, ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ಕೇಳಿ.

ನಮ್ಮವರಿಗೆ ಹೆಚ್ಚಾಗಿ ತೊಡಕಾಗುವುದು ಹೆಸರು. ಗೌರಿಬಿದನೂರಿನಲ್ಲಿರುವ ನನ್ನ ತಂಗಿಗೆ ಮಾತೃ ವಂದನೆಯ ಹಣ ತಿಂಗಳುಗಟ್ಟಲೆ ಬರಲಿಲ್ಲ. ತಾಯಿ ಕಾರ್ಡಿನಲ್ಲಿ ಹೆಸರಿನ ಕೊನೆಗೆ 'ಬಾನು', ಆಧಾರ್‌ನಲ್ಲಿ 'ಬೇಗಂ', ಬ್ಯಾಂಕಿನಲ್ಲಿ ಎರಡೂ ಇಲ್ಲ. ಹೆರಿಗೆಗೆ ಚಿಂತಾಮಣಿಯ ತವರಿಗೆ ಬಂದಿದ್ದರಿಂದ ಕಾಗದಗಳು ಎರಡು ತಾಲೂಕಿನಲ್ಲಿ ಹಂಚಿಹೋಗಿದ್ದವು. ಎಲ್ಲವನ್ನೂ ಒಂದೇ ಹೆಸರಿಗೆ ತಂದಮೇಲೆ ಹಣ ಬಂತು. ಅದೂ ಆಕೆ ಮರೆತೇಬಿಟ್ಟಿದ್ದ ಹಳೆಯ ಖಾತೆಗೆ! ಆಧಾರ್ ಯಾವ ಖಾತೆಗೆ ಕೊನೆಯದಾಗಿ ಜೋಡಣೆಯಾಗಿದೆಯೋ ಹಣ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಜನನ ಪತ್ರ, ಆಧಾರ್, ರೇಷನ್ ಕಾರ್ಡ್, ಶಾಲಾ ದಾಖಲೆ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಒಂದೇ ಇದೆಯೇ ನೋಡಿ. ಇಲ್ಲದಿದ್ದರೆ ಈಗಲೇ ಸರಿಪಡಿಸಿ. ಹದಿನೆಂಟನೇ ವರ್ಷದವರೆಗೆ ಕಾಯಬೇಡಿ.

"ಇದರಲ್ಲಿ ಬಡ್ಡಿಯ ಅಂಶವಿಲ್ಲವೇ ಆಪಾ?" ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಫತ್ವಾ ಹೇಳುವ ಯೋಗ್ಯತೆ ನನ್ನದಲ್ಲ. ಸರಕಾರ ಕೊಡುವುದೆಷ್ಟು, ನಾವು ಕಟ್ಟುವುದೇನಾದರೂ ಇದೆಯೇ ಎಂಬ ವಿವರವನ್ನು ನೀವು ನಂಬುವ ಆಲಿಮರ ಮುಂದಿಟ್ಟು ಕೇಳಿ, ಅದರಂತೆ ನಡೆಯಿರಿ. ಆದರೆ ಯಾರನ್ನೂ ಕೇಳದೆ, ಆ ಪ್ರಶ್ನೆಯನ್ನೇ ನೆಪ ಮಾಡಿಕೊಂಡು ಕಾಗದವನ್ನು ಮೂಲೆಗೆ ಹಾಕಬೇಡಿ.

ಆ ಹುಡುಗಿಯ ವಿಷಯ ಏನಾಯಿತು ಎನ್ನುವಿರಾ? ತಂದೆ ಮೊದಲು ಸಿಡುಕಿದರು. "ಒಂದು ಲಕ್ಷಕ್ಕಾಗಿ ಒಳ್ಳೆಯ ಸಂಬಂಧ ಬಿಡಲೇ?" ಎಂದರು. ತಾಯಿ ಮೂರು ದಿನ ಬಿಡದೆ ಅದೇ ಮಾತನ್ನು ಹೇಳಿದಳು. ಕೊನೆಗೆ, "ಹದಿನೆಂಟಾಗುವವರೆಗೆ ಕಾಯಿರಿ" ಎಂದು ಚಿಂತಾಮಣಿಗೆ ಹೇಳಿ ಕಳುಹಿಸಿದರು. ಅವರು ಕಾಯಲಿಲ್ಲ, ಬೇರೆ ಕಡೆ ನೋಡಿಕೊಂಡರು. ಆ ರಾತ್ರಿ ತಾಯಿ ನಮ್ಮ ಜಗಲಿಯಲ್ಲಿ ಕುಳಿತು ಅತ್ತಳು. ಸಮಾಧಾನ ಮಾಡಲು ನನ್ನ ಬಳಿ ಹೆಚ್ಚು ಮಾತಿರಲಿಲ್ಲ. ಮಗಳು ಮಾತ್ರ ಜೂನ್‌ನಲ್ಲಿ ಪಿ.ಯು. ಕಾಲೇಜಿಗೆ ಸೇರಿದಳು. ಅವಳಿಗೆ ಹದಿನೆಂಟು ತುಂಬುವುದು 2026ರ ಸೆಪ್ಟೆಂಬರಿನಲ್ಲಿ.

ಆ ಬಾಂಡ್ ಈಗ ಟ್ರಂಕಿನ ತಳದಲ್ಲಿಲ್ಲ. ಹುಡುಗಿಯೇ ಒಂದು ಫೈಲಿನಲ್ಲಿಟ್ಟುಕೊಂಡಿದ್ದಾಳೆ. ಅದರಲ್ಲಿ ಏನು ಬರೆದಿದೆಯೆಂದು ಅಮ್ಮಿಗೆ ಓದಿ ಹೇಳುವವಳೂ ಅವಳೇ.

ಸಹೋದರಿಯರೇ, ಇಂದು ಇಶಾ ನಮಾಝ್ ಮುಗಿಸಿ, ಮಕ್ಕಳನ್ನು ಮಲಗಿಸಿ, ಒಮ್ಮೆ ಆ ಚೀಲವನ್ನು ಬಿಚ್ಚಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳ ಕೈಗೆ ಕೊಡಿ. ನನ್ನಂತೆ "ನಾಳೆ" ಎನ್ನಬೇಡಿ. ಮಕ್ಕಳು ನಮಗೆ ಅಲ್ಲಾಹನ ಅಮಾನತ್. ಅವರ ಪಾಲಿನ ಕಾಗದವೂ ಒಂದು ಅಮಾನತ್ತೇ.