ಪೋಸ್ಟ್ ತಾತನ ಇಟಲಿ ಗಾಡಿ

ನಮ್ಮೂರಿನ ಪೋಸ್ಟ್ ತಾತನ ಲ್ಯಾಂಬ್ರೆಟ್ಟಾ ಸ್ಕೂಟರನ್ನು ನೋಡದವರು ನಿಮ್ಮಲ್ಲಿ ಯಾರೂ ಇರಲಾರರು. ಊರಲ್ಲಿ ಅದಕ್ಕೆ ಇಟಲಿ ಗಾಡಿ ಅಂತಲೇ ಹೆಸರು. ತಾತ ಅದನ್ನು 1981ರಲ್ಲಿ ತಿಪಟೂರಿನ ಒಬ್ಬ ಕೊಬ್ಬರಿ ವ್ಯಾಪಾರಿಯಿಂದ ಕೊಂಡಾಗ "ಅಸಲಿ ಇಟಲಿ ಮಾಲು" ಎಂದು ಹೇಳಿಯೇ ಕೊಟ್ಟಿದ್ದರಂತೆ. ಈಗ ತಾತನಿಗೆ ಎರಡೂ ಕಣ್ಣಿನ ಪೊರೆ ತೆಗೆಸಬೇಕಾಗಿದೆ. ಹಳೇ ಗಾಡಿ ಕೊಳ್ಳುವ ಬೆಂಗಳೂರಿನವರೊಬ್ಬರು ಬಂದು, "ಇಟಲಿಯದಾದರೆ 1 ಲಕ್ಷ, ಇಲ್ಲದಿದ್ದರೆ 35,000. ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ" ಅಂದು ಹೋದರು. ಆ ಮೆಕ್ಯಾನಿಕ್ ನಮ್ಮ ಮಾವ. ನಾನೂ ಅವರ ಜೊತೆ ಹೋಗಿದ್ದೆ.

ಲ್ಯಾಂಬ್ರೆಟ್ಟಾ ಹುಟ್ಟಿದ್ದು ಇಟಲಿಯ ಮಿಲಾನ್ ನಗರದಲ್ಲಿ, 1947ರಲ್ಲಿ. ತಯಾರಿಸಿದ ಕಂಪನಿ ಇನ್ನೊಚೆಂಟಿ. 1950ರ ದಶಕದಲ್ಲಿ ಮುಂಬಯಿಯ ಎ.ಪಿ.ಐ. ಕಂಪನಿ ಅಲ್ಲಿಂದ ಭಾಗಗಳನ್ನು ತರಿಸಿ ಜೋಡಿಸತೊಡಗಿತು, ಆಮೇಲೆ ಇಲ್ಲೇ ತಯಾರಿಸಿತು. ಇಟಲಿಯಲ್ಲಿ ಕಾರ್ಖಾನೆ ನಿಂತ ಮೇಲೆ ಅದರ ಯಂತ್ರಗಳನ್ನೇ ನಮ್ಮ ಸರ್ಕಾರ ಕೊಂಡು ಲಕ್ನೋಗೆ ತಂದಿತು. ಅಲ್ಲಿ ಆದದ್ದು ವಿಜಯ್ ಸೂಪರ್.

ಮೊದಲು ಅಯಸ್ಕಾಂತದ ಪರೀಕ್ಷೆ. ನಮ್ಮ ವಿಜ್ಞಾನದ ಮೇಷ್ಟ್ರಿಂದ ಕೇಳಿ ತಂದಿದ್ದೆ. ತಗಡು ತುಕ್ಕು ಹಿಡಿದ ಕಡೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಅಲ್ಲಿ ಅಯಸ್ಕಾಂತ ಹಿಡಿಯೋದಿಲ್ಲ. ತಾತನ ಗಾಡಿಗೆ ಎಲ್ಲಿಟ್ಟರೂ ಟಕ್ ಅಂತ ಅಂಟಿಕೊಂಡಿತು. ಆಮೇಲೆ ಮಾವ ಬಲಗಡೆಯ ಮುಚ್ಚಳ ಬಿಚ್ಚಿ, ಚಾಸಿ ನಂಬರ್ ಮೇಲಿನ ಜಿಡ್ಡು ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜು ಅಂದರು. ನಾವು ನಾಣ್ಯದ ಅಚ್ಚು ತೆಗೆಯುತ್ತೇವಲ್ಲ, ಹಾಗೇ. ಅಂಕಿಗಳು ಒಂದೊಂದಾಗಿ ಬೆಳ್ಳಗೆ ಮೂಡಿದವು. ಆರ್.ಸಿ. ಪುಸ್ತಕದಲ್ಲಿ ಇದ್ದದ್ದೂ ಅದೇ. ಎಂಜಿನ್ ನಂಬರೂ ಸರಿಹೋಯಿತು. "ಕಾರ್ಬುರೇಟರ್, ಮೀಟರ್ ಎಲ್ಲಾ ಯಾರು ಬೇಕಾದ್ರೂ ಬದಲಾಯಿಸಬಹುದು ಕಣೋ. ಅದನ್ನು ನೋಡಿ ಇಟಲಿ ಅನ್ನಬಾರದು" ಅಂದರು ಮಾವ.

ಗುಟ್ಟು ಇದ್ದದ್ದು ಇಸವಿಯಲ್ಲಿ. ತಾತನ ಗಾಡಿಯ ನಂಬರ್ ಎಂ.ವೈ. ಅಂತ ಶುರುವಾಗುತ್ತೆ. ಆಗಿನ್ನೂ ನಮ್ಮದು ಮೈಸೂರು ರಾಜ್ಯ, ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ. ಆರ್.ಸಿ.ಯಲ್ಲಿ ತಯಾರಾದ ವರ್ಷ 1970 ಎಂದಿತ್ತು. ಗಾಡಿಯದು ದಪ್ಪ ಮೈ, ದೀಪ ಹ್ಯಾಂಡಲ್ ಮೇಲೆ. ಇಟಲಿಯವರು ಈ ಮಾದರಿ ಶುರು ಮಾಡಿದ್ದು 1959ರಲ್ಲಿ, ನಿಲ್ಲಿಸಿ ತೆಳುಮೈಯ ಗಾಡಿಗೆ ಹೋದದ್ದು 1961ರ ಕೊನೆಗೆ. ಮುಂಬಯಿಯಲ್ಲಿ ಮಾತ್ರ ದಪ್ಪ ಮೈಯದೇ ಎಷ್ಟೋ ವರ್ಷ ನಡೆಯಿತು. ಅಂದಮೇಲೆ 1970ರದು ಇಟಲಿಯದು ಆಗೋದು ಹೇಗೆ?

ಅಲ್ಲೇ ನಿಂತಿದ್ದ ಒಬ್ಬರು ಮಾವನ ಕಿವಿಯಲ್ಲಿ, "ಇಟಲಿ ಅಂದುಬಿಡಪ್ಪ, ಮುದುಕರ ಕಣ್ಣಿಗಾಗುತ್ತೆ" ಅಂದರು. ಮಾವ ಸೀಮೆಎಣ್ಣೆ ಬಟ್ಟೆಯಲ್ಲಿ ಕೈ ಒರೆಸುತ್ತಲೇ ಇದ್ದರು. ನನಗೂ ಹಾಗೇ ಅಂದುಬಿಡಲಿ ಅನ್ನಿಸಿದ್ದು ಸುಳ್ಳಲ್ಲ. ಅದೇ ನಕ್ಷೆ, ಅದೇ 148 ಸಿ.ಸಿ. ಎಂಜಿನ್ ಇರುವಾಗ ಮುಂಬಯಿಯದಕ್ಕೆ ಇಷ್ಟು ಕಡಿಮೆ ಬೆಲೆ ಅನ್ನೋದೇ ನನ್ನ ಮಟ್ಟಿಗೆ ಅನ್ಯಾಯ.

ಮಾವ ತಾತನ ಪಕ್ಕ ಜಗಲಿ ಮೇಲೆ ಕೂತು ಎಲ್ಲವನ್ನೂ ಹೇಳಿದರು. ತಾತ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬೊಂಬಾಯಿಯವಳಾ ಇವಳು! ಇಷ್ಟು ವರ್ಷ ನನಗೇ ಹೇಳಲಿಲ್ಲ ನೋಡು" ಎಂದು ನಕ್ಕುಬಿಟ್ಟರು. "ಆ ಪುಣ್ಯಾತ್ಮನಿಗೂ ಇದ್ದದ್ದು ಇದ್ದಹಾಗೇ ಹೇಳಪ್ಪ. ನನಗೆ ಹೇಳಿದ ಸುಳ್ಳನ್ನ ನಾನು ಇನ್ನೊಬ್ಬರ ತಲೆಗೆ ಕಟ್ಟೋದು ಬೇಡ."

ಮಾವ ಫೋನಿನಲ್ಲಿ ಹೇಳಿದರು. ಆದರೆ ಪುಟ್ಟಿ ಇಲ್ಲದ ತಗಡು, ಕೂಡಿಬಂದ ನಂಬರುಗಳು, 5 ವರ್ಷಕ್ಕೊಮ್ಮೆ ತಪ್ಪದೆ ನವೀಕರಿಸಿದ ಆರ್.ಸಿ., ಇವನ್ನೆಲ್ಲ ಹೇಳಿ ಬಿಗಿಯಾಗಿ ಚೌಕಾಸಿ ಮಾಡಿದರು. ಕೊನೆಗೆ 48,000ಕ್ಕೆ ಮಾತಾಯಿತು. ಹೋದ ಭಾನುವಾರ ಬೆಂಗಳೂರಿನವರು ಟೆಂಪೋ ತಂದರು. ತಾತ 29 ಮತ್ತು 30ನೇ ನಮೂನೆಗಳಿಗೆ ಕನ್ನಡದಲ್ಲಿ ಸಹಿ ಹಾಕಿದರು. ಹಣ ಎಣಿಸಿಕೊಂಡದ್ದು ಅಜ್ಜಿ. ತಾತ ನನ್ನನ್ನು ಕರೆದು, ಪೆನ್ಸಿಲ್ ಉಜ್ಜಿದ ಆ ಕಾಗದ ಇದೆಯೇನೋ ಮಗ ಅಂತ ಕೇಳಿದರು. ಕೊಟ್ಟೆ. ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.