ಒಂದು ನಿಮಿಷದ ಲೆಕ್ಕ

ಕಕ್ಕಿಂಜೆಯ ಜುಲೈ ಮಳೆಯೆಂದರೆ ಚಾರ್ಮಾಡಿ ಘಾಟಿಯೇ ಕರಗಿ ಅಂಗಳಕ್ಕಿಳಿದಂತೆ. ಅಕ್ಕನ ಮೂರು ವರ್ಷದ ಮಗನಿಗೆ ಜ್ವರ, ಕೆಮ್ಮು ಶುರುವಾಗಿ ನಾಲ್ಕು ದಿನ. "ಮಳೆಗಾಲದಲ್ಲಿ ಇದೆಲ್ಲ ಇದ್ದದ್ದೇ" ಎಂದು ಕಷಾಯ ಕುಡಿಸಿದವಳು ನಾನೇ. ಆ ರಾತ್ರಿ ಅವನು ನೀರೂ ಕೇಳಲಿಲ್ಲ. ಅಂಗಿ ಸರಿಸಿ ನೋಡಿದರೆ ಉಸಿರೆಳೆದಾಗೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಜೀಪು ಹಿಡಿದು ಉಜಿರೆ ದಾಟಿ ಮಂಗಳೂರು ಮುಟ್ಟುವಾಗ ಬೆಳಗಾಗಿತ್ತು.

"ನ್ಯುಮೋನಿಯಾ ಸೆಪ್ಸಿಸ್‌ಗೆ ತಿರುಗಿದೆ" ಎಂದರು ಡಾಕ್ಟರು. ಸೋಂಕಿನೊಡನೆ ಕಾದಾಡುತ್ತ ದೇಹ ತನ್ನ ಅಂಗಗಳನ್ನೇ ಘಾಸಿ ಮಾಡಿಕೊಳ್ಳುವ ಸ್ಥಿತಿಯಂತೆ ಅದು. ಸಣ್ಣ ರಕ್ತನಾಳಗಳು ಸೋರಿ ಶ್ವಾಸಕೋಶದ ಗಾಳಿಚೀಲಗಳಲ್ಲಿ ನೀರು ತುಂಬಿದರೆ ಉಸಿರಿಗೆ ಯಂತ್ರವೇ ಗತಿ. ಸೋಂಕು ಶ್ವಾಸಕೋಶದಲ್ಲೇ ಹುಟ್ಟಿದ್ದರೆ, ರಕ್ತದೊತ್ತಡ ಕುಸಿದಿದ್ದರೆ, ಮಗುವಿನ ರೋಗನಿರೋಧಕ ಶಕ್ತಿ ಮೊದಲೇ ಕುಗ್ಗಿದ್ದರೆ ಈ ಅಪಾಯ ಹೆಚ್ಚು. ಚಿಕಿತ್ಸೆ ತಡವಾದರೂ ಹೆಚ್ಚು ಎಂದರು. ನಾನು ತಲೆ ತಗ್ಗಿಸಿದೆ.

ಲೆಕ್ಕ ಕಲಿಸಿದ್ದು ಅಲ್ಲಿನ ನರ್ಸಮ್ಮ. ಮಗು ಅಳದೆ ಸುಮ್ಮನಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದವರೆಗೆ 40. ಅಷ್ಟಾದರೆ ಅಥವಾ ಮೀರಿದರೆ ಕಷಾಯ ಕಾಯಿಸುತ್ತ ಕೂರುವಂತಿಲ್ಲ. ಎದೆ ಒಳಕ್ಕೆ ಸೇದುತ್ತಿದ್ದರಂತೂ ಎಣಿಸುತ್ತಲೂ ಕೂರಬಾರದು.

ಒಂಬತ್ತನೆಯ ದಿನ ಯಂತ್ರ ತೆಗೆದರು. ಈಗ ಅವನು ಎರಡನೇ ಕ್ಲಾಸು. ಜ್ವರದ ರಾತ್ರಿ ನಾನು ಗಡಿಯಾರ ಹಿಡಿದು ಹತ್ತಿರ ಹೋದರೆ ಕಣ್ಣು ಮುಚ್ಚಿಕೊಂಡೇ ಕೇಳುತ್ತಾನೆ: "ಎಷ್ಟಾಯ್ತು ಚಿಕ್ಕಮ್ಮ?"